ನನ್ನ ತವರಿನ ಗಡಿಗೆ ಲ್ಯಾಬಿಗೆ ಹೋದದ್ದು

ಬಿಸಲೆಯೋ, ಬಿಸಳೆಯೋ. ಅರ್ಧ ನೆನಪಿದೆ, ಅರ್ಧ ಇಲ್ಲ. ನನ್ನ ಅಮ್ಮ ಒಲೆಯ ಮುಂದೆ ಕೂತು, ತಿರುಗಿಯೂ ನೋಡದೆ ಹಿಂದಕ್ಕೆ ಕೈಚಾಚಿ ಆ ಹೆಸರು ಹೇಳುತ್ತಿದ್ದಳು. ನಾನು ಎತ್ತಿ ಕೊಡುತ್ತಿದ್ದೆ. ಅಗಲ ಬಾಯಿ, ಗಿಡ್ಡ ಕುತ್ತಿಗೆ, ದುಂಡು ತಳದ ಮಣ್ಣಿನ ಪಾತ್ರೆ. ಮದುವೆಯಾಗಿ ಕರಾವಳಿಯಿಂದ ಘಟ್ಟ ಹತ್ತಿ ದಾವಣಗೆರೆಗೆ ಬಂದ ಮೇಲೆ ಅದು ಗಡಿಗೆಯಾಯಿತು. ಐವತ್ತು ವರ್ಷ ಗಡಿಗೆ ಗಡಿಗೆ ಎಂದು ಹೇಳಿ ಹಳೆಯ ಹೆಸರು ನಾಲಗೆಯಿಂದ ಜಾರಿಹೋಗಿದೆ. ಊರಿಗೆ ಹೋದರೆ ನನ್ನ ತಮ್ಮನ ಮಕ್ಕಳು "ಅತ್ತೆ ಘಟ್ಟದ ಮೇಲಿನವರ ಹಾಗೆ ಮಾತಾಡ್ತಾರೆ" ಎಂದು ನಗುತ್ತಾರೆ. ಇಲ್ಲಿ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಾನು ಬಾಯಿ ತೆಗೆದರೆ ಸೊಪ್ಪಿನವಳು ಇವತ್ತಿಗೂ "ಯಾವ ಕಡೆಯವರ್ರಿ ಅಮ್ಮಾ ನೀವು?" ಎನ್ನುತ್ತಾಳೆ.

ನನ್ನ ಗಂಡ ಕರೆಂಟಿನ ಮೀಟರ್ ಓದುವ ಕೆಲಸಕ್ಕೆ ನಮ್ಮೂರಿಗೆ ಬಂದಿದ್ದವರು. ಊರಿನ ಮೀಟರುಗಳನ್ನೆಲ್ಲ ತಿಂಗಳಿಗೊಮ್ಮೆ ಓದುತ್ತಿದ್ದರು, ನಮ್ಮ ಮನೆಯದನ್ನು ವಾರಕ್ಕೆರಡು ಸಲ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ನಿಟ್ಟುವಳ್ಳಿಗೆ ಬಂದಾಗ ನನ್ನ ಜೊತೆ ಒಂದು ಟ್ರಂಕು, ನಾಲ್ಕು ಸೀರೆ, ಮತ್ತು ಹುಲ್ಲು ಸುತ್ತಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದ ಆ ಪಾತ್ರೆ ಇದ್ದವು. ಸೀರೆ ಹರಿದವು, ಟ್ರಂಕಿಗೆ ತುಕ್ಕು ಹಿಡಿಯಿತು. ತವರಿನದು ಅಂತ ಉಳಿದದ್ದು ಗಡಿಗೆ ಒಂದೇ. "ಈ ಹುಳಿಯ ರುಚಿ ನಮ್ಮೂರ ಮಣ್ಣಿನದು. ನಿಮ್ಮ ಕಡೆ ಮಣ್ಣಿಗೆ ಇದು ಬರುವುದೇ ಇಲ್ಲ" ಎಂದು ಮನೆಗೆ ಬಂದವರಿಗೆಲ್ಲ ಅದರಲ್ಲಿ ಕುದಿಸಿದ ಹುಳಿ ಬಡಿಸುತ್ತಾ ಹೇಳಿದ್ದೇನೆ. ಆ ಒಂದೇ ಮಾತಿನ ಮೇಲೆ ಐವತ್ತು ವರ್ಷ ತಲೆಯೆತ್ತಿ ಓಡಾಡಿದ್ದೇನೆ.

ನಮ್ಮ ಮನೆಯಲ್ಲಿ ಏನಾದರೂ ಎಡವಟ್ಟಾದರೆ ಯಾರು ಮಾಡಿದ್ದು ಎಂದು ಕೇಳುವ ಪದ್ಧತಿಯಿಲ್ಲ. "ಅಜ್ಜಿ ಎಲ್ಲಿ?" ಎಂದು ಕೇಳುತ್ತಾರೆ. ಹಾಲು ಉಕ್ಕಿದರೂ ಅಷ್ಟೇ, ಗೇಟು ತೆರೆದಿದ್ದರೂ ಅಷ್ಟೇ. ಇಂಥ ನನಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ನೌಕರಿ ಸಿಕ್ಕಿತು. ಸಂಬಳವಿಲ್ಲ, ರಜೆಯಿಲ್ಲ, ಮೇಲಧಿಕಾರಿ ನನ್ನ ಮೊಮ್ಮಗಳು.

ಅವಳು ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಹರಿಹರದ ಆಚೆ ಹೊಳೆದಂಡೆಯ ಹೊಲಗಳಲ್ಲಿ ಉಳುವಾಗ ಹಳೆಯ ಮಡಕೆ ಚೂರುಗಳು ಸಿಗುತ್ತವೆ. ಅವು ಯಾವ ಊರಿನ ಮಣ್ಣಿನಿಂದ ಆದವು ಎಂದು ಕಂಡುಹಿಡಿಯುವುದು ಅವಳ ಕೆಲಸ. ಮನುಷ್ಯರಿಗೆ ಬೆರಳಚ್ಚು ಇದ್ದ ಹಾಗೆ ಮಣ್ಣಿಗೂ ಇದೆಯಂತೆ. ಒಂದು ಕಡೆಯ ಮಣ್ಣಿನಲ್ಲಿ ಕಬ್ಬಿಣ ಹೆಚ್ಚು, ಇನ್ನೊಂದು ಕಡೆಯದರಲ್ಲಿ ಸುಣ್ಣ ಹೆಚ್ಚು. ಮಣ್ಣನ್ನು ಸುಟ್ಟು ಮಡಕೆ ಮಾಡಿದರೂ, ಆ ಮಡಕೆ ಒಡೆದು ಸಾವಿರಾರು ವರ್ಷ ಹೊಲದಲ್ಲಿ ಬಿದ್ದಿದ್ದರೂ ಆ ಗುರುತು ಹೋಗುವುದಿಲ್ಲವಂತೆ.

"ನನ್ನ ಹಾಗೆಯೇ. ಐವತ್ತು ವರ್ಷ ದಾವಣಗೆರೆ ಬಿಸಿಲಲ್ಲಿ ಸುಟ್ಟರೂ ನಾನು ಕರಾವಳಿಯವಳೇ" ಎಂದೆ.

"ಅದನ್ನ ಮೆಷಿನ್ನಿಗೆ ಹಾಕಿ ನೋಡ್ಬೇಕಾಗ್ತೈತೆ ಅಜ್ಜಿ" ಎಂದಳು ನನ್ನ ಮೇಲಧಿಕಾರಿ.

ಹುಣಸೆಹಣ್ಣು

ಮೊದಲ ದಿನದ ಕೆಲಸ ಚೂರು ತೊಳೆಯುವುದು. ಮೊಮ್ಮಗಳು ತಾರಸಿಯ ಮೇಲೆ ಒಂದು ಬಕೆಟ್ ಚೂರು, ಒಂದು ಮೆತ್ತನೆಯ ಬ್ರಷ್ಷು ಇಟ್ಟು, "ಬರೀ ನೀರು ಅಜ್ಜಿ. ಸೋಪು ಬ್ಯಾಡ, ಪಾತ್ರೆ ಪುಡಿ ಬ್ಯಾಡ, ಬೂದಿ ಬ್ಯಾಡ" ಎಂದು ಮೂರು ಸಲ ಹೇಳಿ ಕಾಲೇಜಿಗೆ ಹೋದಳು.

ನಾನು ಹಾಗೆಯೇ ಮಾಡಿದೆ. ಆದರೆ ಕೆಲವು ಚೂರಿನ ಮೇಲೆ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸು ಒಂದು ಕಲೆಯ ಮುಂದೆ ಸೋಲುವುದೆಂದರೇನು? ಬೇಡವೆಂದ ಪಟ್ಟಿಯನ್ನು ಮನಸ್ಸಿನಲ್ಲೇ ಓದಿಕೊಂಡೆ. ಸೋಪು, ಪುಡಿ, ಬೂದಿ. ಅದರಲ್ಲಿ ಹುಣಸೆಹಣ್ಣು ಇರಲಿಲ್ಲ.

ಸಾಯಂಕಾಲ ಮೊಮ್ಮಗಳು ಬರುವ ಹೊತ್ತಿಗೆ ಸಾವಿರಾರು ವರ್ಷದ ಚೂರುಗಳು ಮೊನ್ನೆ ಸಂತೆಯಿಂದ ತಂದ ಹಾಗೆ ಕೆಂಪಗೆ ಸಾಲಾಗಿ ಕೂತಿದ್ದವು. ನಾನು ಸೆರಗಿಗೆ ಕೈ ಒರೆಸಿಕೊಂಡು ಹೊಗಳಿಕೆಗೆ ಕಾಯುತ್ತಾ ನಿಂತಿದ್ದೆ.

"ಅಜ್ಜಿ, ಇದಕ್ಕೆ ಏನ್ ಹಾಕ್ದೆ?"

"ಏನಿಲ್ಲ ಮಾರಾಯ್ತಿ, ಒಂದಿಷ್ಟು ಹುಣಸೆಹಣ್ಣು. ತಾಮ್ರದ ಹಂಡೆಗೆ ಹಾಕ್ತೇವಲ್ಲ, ಹಾಗೆ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹುಳಿ ಸುಣ್ಣವನ್ನು ತಿನ್ನುತ್ತದೆ, ಮೇಲಿನದನ್ನು ತಿಂದು ಒಳಗಿನದಕ್ಕೂ ಕೈ ಹಾಕುತ್ತದೆ, ತಾನು ಅಳೆಯಬೇಕಾಗಿದ್ದದ್ದೇ ಸುಣ್ಣ ಎಂದು ಮೆಲ್ಲಗೆ ವಿವರಿಸಿದಳು. ಅಂದರೆ ಪೊಲೀಸರು ಬರುವುದಕ್ಕೆ ಮುಂಚೆಯೇ ನಾನು ಕಳ್ಳನ ಬೆರಳಚ್ಚನ್ನೆಲ್ಲ ಒರೆಸಿ ಇಟ್ಟಿದ್ದೆ. ಪುಣ್ಯಕ್ಕೆ ಅದು ಒಂದೇ ಬಕೆಟ್. ಉಳಿದ ಚೂರುಗಳು ಕಾಲೇಜಿನಲ್ಲೇ ಇದ್ದವು.

ಮರುದಿನ ಅವಳ ಗೈಡ್ ಮೇಡಂ ಆ ಚೂರುಗಳನ್ನು ನೋಡಿ, "ಯಾರು ತೊಳೆದದ್ದು ಇವನ್ನ?" ಎಂದರಂತೆ.

"ನನ್ನ ಅಸಿಸ್ಟೆಂಟು ಮೇಡಂ."

"ಇವತ್ತೇ ತೆಗೆದುಹಾಕು."

"ಆಗಲ್ಲ ಮೇಡಂ. ನಾನು ದಿನಾ ಊಟ ಮಾಡೋದು ಅವರ ಕೈಯಿಂದ."

ಕೋಳಿಯ ಆಸ್ತಿ

ತೊಳೆಯುವ ಕೆಲಸ ಕೈತಪ್ಪಿದ್ದರಿಂದ ನನಗೆ ಹುಡುಕುವ ಕೆಲಸ ಬಂತು. ಬಂತು ಅನ್ನುವುದಕ್ಕಿಂತ ನಾನೇ ಹಟ ಮಾಡಿ ಹೊರಟೆ ಅನ್ನಬೇಕು. ಮೊಮ್ಮಗಳು ಕೊಂಡಜ್ಜಿ ಎಂಬ ಊರಿನ ಕಡೆಯ ಹೊಲವೊಂದರಲ್ಲಿ ಮಣ್ಣಿನ ಮಾದರಿ ತರಲು ಹೊರಟಿದ್ದಳು. ಹೊಲದವರ ಒಪ್ಪಿಗೆ ಕೇಳಿಟ್ಟಿದ್ದಳು. "ನೀನು ಬದುವಿನ ಮೇಲೆ ಕೂಡ್ರು. ಏನಾದ್ರೂ ಕಂಡ್ರೆ ಮುಟ್ಟಬ್ಯಾಡ, ನನ್ನನ್ನ ಕರಿ" ಎಂದಳು.

ನಾನು ಕೂತಿದ್ದೆ. ಆದರೆ ಕಣ್ಣು ಕೂರುತ್ತದೆಯೇ? ಹುಟ್ಟಿದಾಗಿನಿಂದ ಮಡಕೆಯಲ್ಲೇ ಉಂಡವಳು ನಾನು. ಇವರೆಲ್ಲ ಸ್ಟೀಲಿನ ಕಾಲದವರು. ದೂರದಲ್ಲಿ ಹೊಲದ ಮನೆಯ ಪಕ್ಕ ಒಂದು ಬೇವಿನ ಮರ. ಅದರ ಬುಡದಲ್ಲಿ ಒಂದು ಮಡಕೆಯ ಇಡೀ ತಳ, ಅಂಗಾತ ಬಿದ್ದಿತ್ತು. ಕಪ್ಪು ಕೆಂಪು ಬಣ್ಣ, ಪಾಚಿ, ಒಂದು ಕಡೆ ಚೂರು ಹಾರಿದ ಅಂಚು. ಇಷ್ಟು ದೊಡ್ಡದು ಇವಳಿಗೆ ಒಂದೂ ಸಿಕ್ಕಿರಲಿಲ್ಲ.

ಓಡಿಹೋಗಿ ಎತ್ತಿ, ಒಳಗಿದ್ದ ನೀರು ಚೆಲ್ಲಿ, ತಲೆಯ ಮೇಲೆ ಹಿಡಿದು ಕೂಗಿದೆ: "ಸಿಕ್ಕಿತು ಕಣೇ! ಸಾವಿರಾರು ವರ್ಷದ್ದು! ನೋಡು, ಪಾಚಿ ಕಟ್ಟಿದೆ!"

ಮೊಮ್ಮಗಳು ಅಲ್ಲಿಂದ ಓಡಿ ಬಂದಳು. ಮನೆಯೊಳಗಿಂದ ಹೊಲದ ಹೆಂಗಸೂ ಬಂದಳು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅದು ನಮ್ಮ ಕೋಳಿ ನೀರು ಕುಡಿಯೋದ್ರಿ ಅಮ್ಮಾರೆ" ಎಂದಳು. "ಹೋದ ದೀಪಾವಳಿಗೆ ಒಡೆದಿದ್ದು. ಹಂಗೇ ಇಟ್ಟುಬಿಡ್ರಿ, ಪಾಪ, ಕಾಯ್ತಾ ನಿಂತೈತೆ."

ತಿರುಗಿ ನೋಡಿದರೆ ನಿಜವಾಗಿಯೂ ಒಂದು ಕೋಳಿ ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು. ಮಡಕೆಯ ವಯಸ್ಸು ನನಗಿಂತ ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಸತುವಿನ ಗಣಿ

ಮೂರನೆಯ ಕೆಲಸ ಅರೆಯುವುದು. ಇದರಲ್ಲಿ ನನ್ನನ್ನು ಯಾರೂ ತಪ್ಪು ಹಿಡಿಯಲಾರರು ಅಂದುಕೊಂಡಿದ್ದೆ. ಚೂರಿನ ಒಂದು ತುಣುಕನ್ನು ಪುಟ್ಟ ಕಲ್ಲಿನ ಒರಳಿನಲ್ಲಿ ನುಣ್ಣಗೆ ಪುಡಿ ಮಾಡಿ, ಗುಳಿಗೆಯ ಹಾಗೆ ಒತ್ತಿ, ಮೆಷಿನ್ನಿಗೆ ಇಡುತ್ತಾರೆ. ಮೆಷಿನ್ನು ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಹೇಳುತ್ತದೆ. ನಮ್ಮ ಪೇಟೆಯ ಬಂಗಾರದ ಅಂಗಡಿಯಲ್ಲಿ ಬಳೆಯನ್ನು ಒಳಗಿಟ್ಟು ಚಿನ್ನ ಎಷ್ಟು, ತಾಮ್ರ ಎಷ್ಟು ಎಂದು ನೋಡುತ್ತಾರಲ್ಲ, ಅದರ ಅಕ್ಕ ಇದು.

ಕಾಲೇಜಿಗೆ ಹೋಗುವುದು ನನ್ನ ಜನ್ಮದಲ್ಲಿ ಅದೇ ಮೊದಲು. ಇಳಕಲ್ ಸೀರೆ ಉಟ್ಟೆ. ಏಪ್ರಿಲ್ ತಿಂಗಳು, ಕುತ್ತಿಗೆಯ ಸುತ್ತ ಬೆವರುಸಾಲೆ. ಅದಕ್ಕೆ ಹಚ್ಚುವ ಪೌಡರನ್ನು ಧಾರಾಳವಾಗಿ ಹಾಕಿಕೊಂಡೆ. ಮೊಮ್ಮಗಳು ಲ್ಯಾಬಿನ ಬಾಗಿಲಲ್ಲೇ ನನ್ನ ಬಳೆ, ಉಂಗುರ ತೆಗೆಸಿ, ಕೈ ತೊಳೆಸಿ, ಗ್ಲೌಸು ಹಾಕಿಸಿದಳು. ಕುತ್ತಿಗೆಯ ಮೇಲೆ ಸೆರಗು ಇತ್ತು. ಅದರ ಕೆಳಗೆ ಅವಳು ನೋಡಲಿಲ್ಲ.

ನಾನು ಒರಳಿನ ಮೇಲೆ ಬಗ್ಗಿ ಅರೆದೆ. ಚಟ್ನಿಗೆ ಅರೆಯುವ ಹಾಗೆ ಮೈಯೆಲ್ಲ ಅಲುಗಿಸಿ ಅರೆದೆ. ಮೇಡಂ ಬಂದು ಪುಡಿಯನ್ನು ಬೆರಳಲ್ಲಿ ನೋಡಿ, "ಇಷ್ಟು ನುಣ್ಣಗೆ ನಮ್ಮ ಯಾವ ವಿದ್ಯಾರ್ಥಿಯೂ ಅರೆದಿಲ್ಲ" ಎಂದರು. ಆ ಹುಣಸೆಹಣ್ಣಿನ ಅಸಿಸ್ಟೆಂಟು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಮೆಷಿನ್ನಿನ ಪರದೆಯ ಮೇಲೆ ಗೆರೆಗಳು ಎದ್ದವು. ಮೇಡಂ ಕನ್ನಡಕ ಸರಿಮಾಡಿಕೊಂಡರು.

"ಇದೇನಿದು, ಸತು ಇಷ್ಟೊಂದು! ಹರಿಹರದ ಮಣ್ಣಲ್ಲಿ ಹೀಗೆ ಬರಲ್ಲವಲ್ಲ. ಈ ಚೂರು ಎಲ್ಲೋ ಸತುವಿನ ಗಣಿ ಹತ್ತಿರದಿಂದ ಬಂದಿರಬೇಕು!"

ಇನ್ನೊಂದು ಗುಳಿಗೆ ಇಟ್ಟರು. ಅದರಲ್ಲೂ ಸತು. ಮೂರನೆಯದರಲ್ಲಿ ಇನ್ನೂ ಜಾಸ್ತಿ. ಅಷ್ಟು ಹೊತ್ತಿಗೆ ನನಗೆ ಸೆಖೆಯಾಗಿ ಸೆರಗು ಸಡಿಲ ಮಾಡಿಕೊಂಡಿದ್ದೆ. ಮೇಡಂ ಯಾರಿಗೋ ಫೋನ್ ಮಾಡಲು ನಂಬರ್ ಹುಡುಕತೊಡಗಿದರು. ಮೊಮ್ಮಗಳು ಮಾತ್ರ ಪರದೆ ಬಿಟ್ಟು ನನ್ನ ಕುತ್ತಿಗೆಯನ್ನು ನೋಡುತ್ತಿದ್ದಳು. ಮೆಲ್ಲಗೆ ಬಂದು ಒಂದು ಬೆರಳಲ್ಲಿ ಒರೆಸಿ, ಬೆರಳು ಬೆಳ್ಳಗಾದದ್ದನ್ನು ನೋಡಿದಳು. ಆ ಪೌಡರಿನಲ್ಲಿ ಇರುವ ಔಷಧಿಯೇ ಸತುವಿನದಂತೆ.

"ಫೋನ್ ಮಾಡಬ್ಯಾಡ್ರಿ ಮೇಡಂ" ಎಂದಳು. "ಗಣಿ ಇಲ್ಲೇ ಐತೆ. ಇಳಕಲ್ ಸೀರೆ ಉಟ್ಕೊಂಡು ಸ್ಟೂಲ್ ಮೇಲೆ ಕೂತೈತೆ."

ಪಂತ

ಇಷ್ಟಾದ ಮೇಲೂ ನನಗೊಂದು ಮರ್ಯಾದೆ ಉಳಿದಿತ್ತು. ಅದನ್ನು ನಾನೇ ತೆಗೆದುಕೊಂಡು ಹೋಗಿ ಮೆಷಿನ್ನಿಗೆ ಇಟ್ಟೆ.

ಒಂದು ಭಾನುವಾರ ಹರಿಹರದಿಂದ ನನ್ನ ನಾದಿನಿ ಊಟಕ್ಕೆ ಬಂದಿದ್ದಳು. ನನ್ನ ಗಂಡನ ತಂಗಿ. ನಾನು ಮದುವೆಯಾಗಿ ಬಂದಾಗ ಲಂಗ ಉಟ್ಟುಕೊಂಡು ಓಡಾಡುತ್ತಿದ್ದ ಹುಡುಗಿ. ಈಗ ಅವಳಿಗೂ ಮೊಮ್ಮಕ್ಕಳು. ಊಟದ ನಡುವೆ ಮೊಮ್ಮಗಳು ತನ್ನ ಕಷ್ಟ ಹೇಳಿಕೊಂಡಳು. ಅವಳ ಚೂರುಗಳಲ್ಲಿ ಹೆಚ್ಚಿನವು ಸುಣ್ಣ ಇರುವ ಮಣ್ಣಿನವು, ಅಂದರೆ ಇಲ್ಲಿನವೇ. ಮೂರು ನಾಲ್ಕು ಚೂರು ಮಾತ್ರ ಬೇರೆ ಥರ: ಕಬ್ಬಿಣ ಹೆಚ್ಚು, ಸುಣ್ಣ ಇಲ್ಲವೇ ಇಲ್ಲ. ಕರಾವಳಿಯ ಕೆಂಪು ಮಣ್ಣಿನವು ಇರಬಹುದೇ ಎಂದು ಅನುಮಾನ. ಹೋಲಿಸಿ ನೋಡಲು ಕರಾವಳಿಯದೇ ಎಂದು ಖಾತ್ರಿಯಿರುವ ಹಳೆಯ ಪಾತ್ರೆಯೊಂದು ಬೇಕು.

ನಾನು ಸೌಟನ್ನು ಗಡಿಗೆಯ ಅಂಚಿಗೆ ಟಣ್ ಎಂದು ಬಡಿದೆ. "ಇದಕ್ಕಿಂತ ಖಾತ್ರಿ ಬೇಕಾ?"

ನಾದಿನಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಬ್ಯಾಡ ಬಿಡ್ರಿ ಅತ್ತಿಗೆ. ಹಳೇ ಗಡಿಗೆ, ಒಡೆದು ಗಿಡೆದು ಹೋದೀತು."

"ಒಡೆಯಲ್ಲ ಹರಿಹರದಜ್ಜಿ, ಅಂಚಿಂದ ಒಂದು ಚೂರು ಸಾಕು" ಎಂದಳು ಮೊಮ್ಮಗಳು.

"ತವರಿನ ವಸ್ತು ಕೆತ್ತಬಾರದವ್ವ. ಒಳ್ಳೇದಲ್ಲ."

"ಅದೆಲ್ಲಿಯ ಶಾಸ್ತ್ರ ಮಾರಾಯ್ತಿ?" ಎಂದೆ ನಾನು.

"ಇವತ್ತು ಅಮಾಸೆ ಬ್ಯಾರೆ ಐತೆ."

"ಅಮಾವಾಸ್ಯೆ ಕಳೆದು ನಾಲ್ಕು ದಿನವಾಯಿತು."

"ಹಂಗಾರೆ ಅಮಾಸೆ ಆಗಿ ನಾಲ್ಕನೇ ದಿನಾನೂ ಆಗಬಾರದು" ಎಂದು ಅವಳು ಮಜ್ಜಿಗೆ ಕುಡಿಯದೆ ಎದ್ದಳು.

ನನಗೆ ಒಳಗೊಳಗೇ ಖುಷಿ. ತನ್ನ ಊರಿನ ಮಣ್ಣಿಗೆ ಅವಮಾನವಾಗುತ್ತದೆ ಎಂದು ಹೆದರಿದ್ದಾಳೆ ಅಂದುಕೊಂಡೆ. ಆ ಖುಷಿಯಲ್ಲಿ ಬಾಯಿ ಬಿಟ್ಟೆ: "ಕೇಳಿ ಎಲ್ಲರೂ. ಇದು ನಮ್ಮೂರ ಮಣ್ಣಲ್ಲ ಅಂತ ಮೆಷಿನ್ನು ಹೇಳಿದರೆ, ಇನ್ನು ಈ ಜನ್ಮದಲ್ಲಿ ನಾನು ನಮ್ಮೂರಿನ ಹೆಸರೆತ್ತುವುದಿಲ್ಲ."

ಐವತ್ತು ವರ್ಷದಿಂದ ಆ ಊರಿನ ಹೆಸರು ಕೇಳದೆ ಒಂದು ಊಟವೂ ಮುಗಿದಿರಲಿಲ್ಲ. ನನ್ನ ಮಗ ಕೈ ತೊಳೆಯುವುದನ್ನೂ ಮರೆತು, "ಅಮ್ಮಾ, ಇದನ್ನ ಬರೆದುಕೊಡ್ತೀಯಾ?" ಎಂದ.

ಮೊಮ್ಮಗಳು ಗಡಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. "ಅಜ್ಜಿ, ನಿಮ್ಮ ಅಮ್ಮನ ಗಡಿಗೆಗೆ ಕುತ್ತಿಗೆ ಸುತ್ತ ಮೂರು ಗೆರೆ ಅಂತಿದ್ದೆ. ಎರಡೇ ಐತಲ್ಲ?"

"ಒಂದು ಸವೆದಿರಬೇಕು" ಎಂದೆ. ಕತ್ತಲಲ್ಲಿ ಮುಟ್ಟಿದರೂ ನನ್ನ ಗಡಿಗೆ ನನಗೆ ಗೊತ್ತಾಗುತ್ತದೆ ಎಂದು ಆ ಭಾನುವಾರದವರೆಗೂ ಹೇಳುತ್ತಿದ್ದವಳು ನಾನು.

ನಮ್ಮೂರಿನ ರಫ್ತು

ಹತ್ತು ದಿನ ಬಿಟ್ಟು ಮೊಮ್ಮಗಳು ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಅಜ್ಜಿ, ನಿನ್ನ ಗಡಿಗೆ ಆ ಮೂರು ನಾಲ್ಕು ಕೆಂಪು ಚೂರುಗಳ ಜೊತೆ ಕೂಡ್ತಾ ಇಲ್ಲ. ಉಳಿದವುಗಳ ಜೊತೆ ಕೂಡ್ತೈತೆ. ಹರಿಹರದ ಅಷ್ಟೂ ಚೂರು, ನಿನ್ನ ಗಡಿಗೆ, ಎಲ್ಲಾ ಒಂದೇ ಮಣ್ಣು."

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ರೋಮಾಂಚನವಾಯಿತು. "ನೋಡಿದೆಯಾ! ಸಾವಿರಾರು ವರ್ಷದ ಹಿಂದೆಯೇ ಇಡೀ ಹರಿಹರಕ್ಕೆ ನಮ್ಮೂರಿಂದ ಮಡಕೆ ಬರುತ್ತಿತ್ತು!"

ಅವಳು ಏನೋ ಹೇಳಲು ಬಾಯಿ ತೆರೆಯುವ ಮೊದಲೇ ನಾನು ಫೋನ್ ಎತ್ತಿಕೊಂಡೆ. ಊರಿನಲ್ಲಿರುವ ತಮ್ಮನಿಗೆ ಹೇಳಿದೆ. ಎದುರು ಮನೆಯವರಿಗೆ ಹೇಳಿದೆ. ಸೊಪ್ಪಿನವಳನ್ನು ನಿಲ್ಲಿಸಿ, "ಯಾವ ಕಡೆಯವರು ಅಂತ ಕೇಳ್ತಿದ್ದೆಯಲ್ಲ, ನಿಮ್ಮ ಮುತ್ತಾತಂದಿರಿಗೆ ಮಡಕೆ ಕಳಿಸಿದ ಕಡೆಯವರು" ಎಂದೆ. ಅವಳು ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕಿ ಬೇಗ ಹೊರಟುಹೋದಳು.

ನನ್ನ ಉಸಿರು ತಗ್ಗಿದ ಮೇಲೆ ಮೊಮ್ಮಗಳು ಒಳಗಿಂದ ಒಂದು ಹೊಸ ಗಡಿಗೆ ತಂದು ಮುಂದಿಟ್ಟಳು. "ಇದು ಹೋದ ತಿಂಗಳು ಹರಿಹರದ ಕುಂಬಾರರು ನನ್ನ ಕಣ್ಣೆದುರಿಗೇ ಮಾಡಿದ್ದು. ಮಣ್ಣು ಅಗೆದ ಜಾಗಾನೂ ನೋಡಿ ಬಂದೀನಿ. ಇದನ್ನೂ ಮೆಷಿನ್ನಿಗೆ ಹಾಕಿದ್ದೆ. ಇದು, ನಿನ್ನ ಗಡಿಗೆ, ಎರಡೂ ಒಂದೇ ಅಜ್ಜಿ. ಇದೂ ನಿಮ್ಮೂರಿಂದ ಬಂತಾ?"

"ಮೆಷಿನ್ನು ಕೆಟ್ಟಿದೆ" ಎಂದೆ.

"ಸತು ಹಿಡಿದಾಗ ಸರಿ ಇತ್ತಲ್ಲ?"

ಅವಳು ನಗುತ್ತಿರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಆ ರಾತ್ರಿ ನಾನು ಹುಳಿ ಮಾಡಲಿಲ್ಲ. ಗಡಿಗೆಯನ್ನು ಮಗುಚಿಟ್ಟೆ.

ಮೊಮ್ಮಗಳು ಹರಿಹರಕ್ಕೆ ಫೋನ್ ಮಾಡಿರಬೇಕು. ಮರುದಿನ ಬೆಳಿಗ್ಗೆ ನಾದಿನಿ ಬಸ್ಸಿಳಿದು ಬಂದಳು. ಕೈಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ. ಬೆಳಿಗ್ಗೆ ಎಂಟು ಗಂಟೆಗೆ ಬಜ್ಜಿ ತಂದವಳ ಮುಖ ನೋಡಿಯೇ ಏನೋ ಇದೆ ಅನಿಸಿತು. ಅವಳು ಕೂರಲಿಲ್ಲ. ಗೋಡೆಗೆ ಒರಗಿ ನಿಂತಳು, ಲಂಗ ಉಟ್ಟಿದ್ದಾಗ ನಿಲ್ಲುತ್ತಿದ್ದಳಲ್ಲ, ಹಾಗೆ.

"ಗಡಿಗೆ ಒಡೆದಿದ್ದು ನಾನು ರೀ ಅತ್ತಿಗೆ."

"ಯಾವ ಗಡಿಗೆ?"

"ನಿಮ್ಮದು. ನೀವು ಮೊದಲನೇ ಬಾಣಂತನಕ್ಕೆ ಊರಿಗೆ ಹೋಗಿದ್ರಲ್ಲ, ಆವಾಗ. ಅವ್ವ ಬೆಲ್ಲಾನ ಗೋಡೆ ಗೂಡಿನಾಗೆ ಮೇಲೆ ಇಟ್ಟಿದ್ಲು. ಹಾರಿ ತಗಳಾಕೆ ಹೋದೆ, ಕೆಳಗಿದ್ದ ಗಡಿಗೆಗೆ ಕಾಲು ತಾಗ್ತು. ಐದಾರು ಚೂರು ಆತು. ಅವ್ವ ಹೊಡೀಲಿಲ್ಲ. ಹೊಡೆದಿದ್ರೆ ಚೆನ್ನಾಗಿತ್ತು. ಚೂರನ್ನೆಲ್ಲ ಸೆರಗಿಗೆ ಹಾಕ್ಕೊಂಡು ಸುಮ್ನೆ ಕೂತ್ಲು. ಮರುದಿನ ನನ್ನ ಕೈ ಹಿಡ್ಕೊಂಡು ಹರಿಹರದ ಕುಂಬಾರರ ಮನೆಗೆ ಹೋದ್ಲು. ಚೂರು ಮುಂದಿಟ್ಟು, 'ಇಂಥದ್ದೇ ಬೇಕು, ಇಂಥದ್ದೇ' ಅಂತ ಕೂತ್ಕೊಂಡುಬಿಟ್ಲು. ಮೊದಲನೇದು ಬಾಯಿ ಸಣ್ಣದಾಗೈತೆ ಅಂತ ವಾಪಸ್ ಮಾಡಿದ್ಲು. ಎರಡನೇದನ್ನ ತಂದು ಎಣ್ಣೆ ಹಚ್ಚಿ, ಒಲೆ ಮೇಲೆ ತಿಂಗಳಾನುಗಟ್ಟಲೆ ಹೊಗೆ ಹಿಡಿಸಿದ್ಲು. ಅಂಚಿಗೆ ಒಂದು ಕಡೆ ಕಲ್ಲಿಂದ ಕುಟ್ಟಿ ಚೂರು ಹಾರಿಸಿದ್ಲು, ನಿಮ್ದರಾಗೆ ಇತ್ತಲ್ಲ, ಹಂಗೆ. ನನ್ನ ಕೈಲಿ ಆಣೆ ಇಡಿಸ್ಕೊಂಡ್ಲು. 'ಆ ಹುಡುಗಿ ಎಲ್ಲಾ ಬಿಟ್ಟು ಬಂದೈತೆ. ಇದೂ ಹೋತು ಅಂದ್ರೆ ತಡಕಣಲ್ಲ' ಅಂದ್ಲು."

ನನಗೆ ಆ ದಿನ ನೆನಪಾಯಿತು. ಮಗುವನ್ನು ಎತ್ತಿಕೊಂಡು ವಾಪಸ್ ಬಂದು, ಮೊದಲ ದಿನವೇ ಆ ಗಡಿಗೆಯಲ್ಲಿ ಸೌತೆಕಾಯಿ ಹುಳಿ ಮಾಡಿ, ಅತ್ತೆಗೆ ಬಡಿಸುತ್ತಾ, "ನೋಡಿ ಅತ್ತೆ, ಇಷ್ಟು ತಿಂಗಳು ಬಿಟ್ಟಿದ್ದರೂ ನಮ್ಮೂರ ಮಣ್ಣಿನ ರುಚಿ ಹಾಗೇ ಇದೆ. ನಿಮ್ಮ ಹರಿಹರದ ಗಡಿಗೆಯಲ್ಲಿ ಹೀಗೆ ಬರುತ್ತದೆಯೇ?" ಎಂದಿದ್ದೆ. ಅತ್ತೆ ಮುಖ ಬಿಗಿಹಿಡಿದುಕೊಂಡು ಇನ್ನೊಂದು ಸೌಟು ಹಾಕಿಸಿಕೊಂಡು, "ಹೌದವ್ವ. ನಿಮ್ಮೂರ ಮಣ್ಣೇ ಬ್ಯಾರೆ" ಎಂದಿದ್ದರು. ಅದನ್ನು ನಾನು ಹೊಟ್ಟೆಕಿಚ್ಚು ಅಂದುಕೊಂಡಿದ್ದೆ. ಆ ತಾಯಿ ಆಮೇಲೆ ಬದುಕಿದ್ದ ಇಪ್ಪತ್ತು ವರ್ಷವೂ ನಗು ತಡೆದುಕೊಂಡೇ ಉಂಡರು ಎಂದು ಈಗ ಗೊತ್ತಾಯಿತು.

ಪ್ರದಕ್ಷಿಣೆ

ನಾನು ಕಣ್ಣು ಒರೆಸಿಕೊಳ್ಳುತ್ತಿದ್ದರೆ ಮೊಮ್ಮಗಳ ಕಣ್ಣಲ್ಲಿ ಬೇರೆಯೇ ಹೊಳಪು. ಸಂಶೋಧಕಿ ಅಲ್ಲವೇ. "ಹರಿಹರದಜ್ಜಿ, ಒಡೆದ ಚೂರು ಏನ್ ಮಾಡಿದ್ರಿ?"

"ತವರಿನ ವಸ್ತು ಕಸಕ್ಕೆ ಹಾಕಬಾರದು ಅಂದ್ಲು ಅವ್ವ. ಅದೇ ವಾರ ತುಳಸಿಕಟ್ಟೆ ಕಟ್ಟಿಸ್ತಾ ಇದ್ಲು. ನೀರು ಬಸಿಯಾಕೆ ಬುಡಕ್ಕೆ ಚೂರು ಹಾಕ್ತಾರಲ್ಲ, ಅದರ ಜೊತೆ ಹಾಕಿದ್ಲು."

ಮೂವರೂ ಬಾಗಿಲ ಹೊರಗೆ ನೋಡಿದೆವು. ಅಂಗಳದಲ್ಲಿ ತುಳಸಿಕಟ್ಟೆ ಏನೂ ಗೊತ್ತಿಲ್ಲದ ಹಾಗೆ ನಿಂತಿತ್ತು.

ತುಳಸಿಕಟ್ಟೆ ಅಗೆಯುವುದು ಸಾಧ್ಯವೇ ಇಲ್ಲ ಎಂದು ನಾನು ಹೇಳಿದೆ. ಶುಕ್ರವಾರ ಬೇಡ ಎಂದೆ, ಶನಿವಾರವೂ ಬೇಡ ಎಂದೆ. ನಾದಿನಿ, "ಅಮಾಸೆ ಕಳೆದು ಬಾಳ ದಿನ ಆತಲ್ರಿ ಅತ್ತಿಗೆ?" ಎಂದಳು. ಕೊನೆಗೆ ತುಳಸಿಗೆ ಕೈಮುಗಿದು, ಗಿಡವನ್ನು ಬುಡದ ಮಣ್ಣಿನ ಸಮೇತ ಪಕ್ಕದ ಕುಂಡಕ್ಕೆ ಎತ್ತಿ ಇಟ್ಟೆವು. ಮೊಮ್ಮಗಳು ಕರಣೆ ಹಿಡಿದು, ಬ್ರಷ್ಷು ಹಿಡಿದು, ಇಂಚಿಂಚಾಗಿ ಇಳಿದಳು. ನನಗೆ ಮುಟ್ಟಲು ಅನುಮತಿ ಇರಲಿಲ್ಲ. ನಾದಿನಿಯನ್ನು ನನ್ನ ಕಾವಲಿಗೆ ಹಾಕಿದ್ದಳು.

ತಳದಲ್ಲಿ ಹೆಂಚಿನ ಚೂರು, ಇಟ್ಟಿಗೆಯ ಚೂರು, ಅವುಗಳ ನಡುವೆ ಅಂಗೈ ಅಗಲದ ಒಂದು ಬಾಯಂಚು. ಬೇರೆಯೇ ಕೆಂಪು. ಅವಳು ಬ್ರಷ್ಷಿನಿಂದ ಮಣ್ಣು ಉದುರಿಸಿದಳು. ಒಂದು ಗೆರೆ. ಎರಡು. ಮೂರು.

ಐವತ್ತು ವರ್ಷ ನಾನು ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಅಮ್ಮನ ಪಾತ್ರೆಗೆ ನೀರು ಹಾಕಿ ಮೂರು ಸುತ್ತು ಬಂದು, ಆಮೇಲೆ ಒಳಗೆ ಹೋಗಿ ಹರಿಹರದ ಗಡಿಗೆಯನ್ನು ಮುಟ್ಟಿ ಅಮ್ಮನನ್ನು ನೆನೆಯುತ್ತಿದ್ದೆ.

ಆ ಅಂಚೂ ಲ್ಯಾಬಿಗೆ ಹೋಯಿತು. ಕಬ್ಬಿಣ ಹೆಚ್ಚು, ಸುಣ್ಣ ಇಲ್ಲವೇ ಇಲ್ಲ. ಹೊಳೆದಂಡೆಯ ಆ ಮೂರು ನಾಲ್ಕು ಕೆಂಪು ಚೂರುಗಳಿಗೆ ಹತ್ತಿರ ಹತ್ತಿರ ಕೂಡುತ್ತದೆಯಂತೆ. ಇನ್ನೂ ಮಾದರಿ ಬೇಕು, ಈಗಲೇ ಏನೂ ಹೇಳುವ ಹಾಗಿಲ್ಲ ಎಂದು ಮೇಡಂ ಹೇಳಿದ್ದಾರೆ.

"ಹೇಳುವುದೇನು? ಆಗಲೂ ಯಾವಳೋ ಒಬ್ಬಳು ಮದುವೆಯಾಗಿ ಬಂದಿದ್ದಾಳೆ, ತೊಡೆಯ ಮೇಲೆ ಇಟ್ಟುಕೊಂಡು" ಎಂದೆ.

"ಅದಕ್ಕೆ ಪುರಾವೆ ಇಲ್ಲ ಅಜ್ಜಿ."

"ನಾನಿಲ್ಲವಾ?"

ನಿನ್ನೆ ಮೊಮ್ಮಗಳು ಎರಡು ಚೂರನ್ನೂ ಬೇರೆ ಬೇರೆ ಪೊಟ್ಟಣಕ್ಕೆ ಹಾಕಿ, ಚೀಟಿ ಬರೆಯಲು ಕೂತಳು. ನಾದಿನಿಯೂ ಇದ್ದಳು. ಮೊದಲು ತುಳಸಿಕಟ್ಟೆಯದು.

"ವಸ್ತು?"

"ಬಿಸಲೆಯೋ, ಬಿಸಳೆಯೋ. ಪೆನ್ಸಿಲ್ಲಿನಲ್ಲಿ ಬರಿ."

"ಮಣ್ಣಿನ ಊರು?"

ಬಾಯಿಯವರೆಗೆ ಬಂದದ್ದನ್ನು ನುಂಗಿದೆ. ಪಂತ ಪಂತವೇ. ಗಡಿಗೆ ನಮ್ಮೂರ ಮಣ್ಣಲ್ಲ ಎಂದು ಮೆಷಿನ್ನು ಹೇಳಿತ್ತು. ಊರಿನ ಹೆಸರು ಇನ್ನು ನಾನು ಎತ್ತುವಂತಿಲ್ಲ. ಇಷ್ಟು ಹೊತ್ತೂ ಎತ್ತಿಲ್ಲ, ಬೇಕಾದರೆ ಹಿಂದಕ್ಕೆ ಹೋಗಿ ನೋಡಿ. ಮೊಮ್ಮಗಳು ಪೆನ್ನು ಹಿಡಿದು ಕಾದಳು. ನಾನು ಚಾವಣಿ ನೋಡಿದೆ.

"ಬರ್ಕಳವ್ವ, ನಾನು ಹೇಳ್ತೀನಿ" ಎಂದಳು ನಾದಿನಿ. ಊರು ಹೇಳಿದಳು, ತಾಲ್ಲೂಕು ಹೇಳಿದಳು, ಬಸ್ಸಿಳಿದು ಎಷ್ಟು ದೂರ ನಡೆಯಬೇಕು, ಬಾವಿ ಯಾವ ಕಡೆಗಿದೆ, ಬಾವಿಯ ನೀರು ಎಷ್ಟು ಸಿಹಿ ಎಂದು ಒಂದೇ ಉಸಿರಿಗೆ ಹೇಳಿದಳು. ಅವಳು ಜನ್ಮದಲ್ಲಿ ಅಲ್ಲಿಗೆ ಹೋದವಳಲ್ಲ. "ಐವತ್ತು ವರ್ಷ ಊಟದ ಜೊತೆ ಬಡಿಸಿದ್ದಾರೆ, ಮರೆಯಾಕೆ ಆಗ್ತೈತಾ?"

ಆಮೇಲೆ ಗಡಿಗೆಯ ಚೂರು.

"ಮಣ್ಣಿನ ಊರು?"

"ಹರಿಹರ" ಎಂದೆ. ಗಟ್ಟಿಯಾಗಿಯೇ ಎಂದೆ.

"ತಂದವರು?"

"ನನ್ನ ಅತ್ತೆ."

ಮೊಮ್ಮಗಳು ಬರೆದು, ಪೆನ್ನು ಮುಚ್ಚಲು ಹೊರಟಳು. ಕೆಳಗೆ ಇನ್ನೊಂದು ಗೆರೆ ಖಾಲಿ ಇತ್ತು.

"ಅದೇನು ಅಲ್ಲಿ?"

"ಅದು ಷರಾ ಅಜ್ಜಿ. ಬೇರೆ ಏನಾದ್ರೂ ಹೇಳೋದಿದ್ರೆ ಬರೆಯೋದು."

"ಹೇಳುವುದಿದೆ. ಬರೆದುಕೋ: ಗಡಿಗೆ ಹರಿಹರದ್ದೇ ಇರಬಹುದು, ಹುಳಿಯ ರುಚಿ ಮಾತ್ರ ನಮ್ಮೂರಿನದು. ನಗಬೇಡ, ಬರಿ."